ಉಪ್ಪುಪ್ರಿಯ ಬ್ಯಾಕ್ಟೀರಿಯಾಗಳಲ್ಲಿ ಗ್ರಾಮ್ ಬಣ್ಣ ಸರಿಬಂದದ್ದು ಹೀಗೆ

ಗ್ರಾಮ್ ಬಣ್ಣವೆಂದರೆ ಬ್ಯಾಕ್ಟೀರಿಯಾಗಳನ್ನು ನೇರಳೆ ಉಳಿಸಿಕೊಳ್ಳುವ ಧನಾತ್ಮಕ, ಗುಲಾಬಿಯಾಗುವ ಋಣಾತ್ಮಕ ಎಂದು ಎರಡು ಗುಂಪು ಮಾಡುವ ಪರೀಕ್ಷೆ. ಶೇ. 20ರಷ್ಟು ಉಪ್ಪಿರುವ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಮಾಧ್ಯಮ) ಮೇಲೆ ಬೆಳೆದ ಬ್ಯಾಕ್ಟೀರಿಯಾಗಳಿಗೆ ಈ ಬಣ್ಣ ಹಾಕಿದರೆ ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿದ್ದುದು ಗುಲಾಬಿ ಮಸುಕು, ನಡುವೆ ಉಪ್ಪಿನ ಚೌಕ ಹರಳುಗಳು. ಕೋಶದ ಅಂಚೇ ಇಲ್ಲ. ಇದನ್ನು ಗ್ರಾಮ್ ಋಣಾತ್ಮಕ ಎಂದು ಬರೆದುಕೊಂಡರೆ ಮುಂದಿನ ವರ್ಗೀಕರಣವೆಲ್ಲ ದಾರಿ ತಪ್ಪುತ್ತದೆ.

ಹೊಸದಾಗಿ ಬೆಳೆಸಿದ ಕಲ್ಚರ್, ಆಲ್ಕೋಹಾಲ್‌ಗೆ ಕಡಿಮೆ ಸಮಯ, ಕಡಿಮೆ ಶಾಖ ಯಾವುದೂ ಫಲ ಕೊಡಲಿಲ್ಲ. ಬಟ್ಟಿ ಇಳಿಸಿದ ನೀರಿನಲ್ಲಿ ಕಲಸಿದರೆ ಕೋಶಗಳು ಒಡೆಯುತ್ತವೆ; ಉಪ್ಪುನೀರಿನಲ್ಲಿ ಕಲಸಿದರೆ ಹರಳು ಉಳಿಯುತ್ತದೆ.

ಗಂಟು ಬಿಡಿಸಿದ್ದು ಡುಸಾಲ್ಟ್ ಎಂಬ ವಿಜ್ಞಾನಿ 1955ರಲ್ಲಿ ಪ್ರಕಟಿಸಿದ ಅಸಿಟಿಕ್ ಆಮ್ಲದ ವಿಧಾನ. ಮಾಧ್ಯಮದಲ್ಲಿರುವಷ್ಟೇ ಉಪ್ಪಿನ ದ್ರಾವಣದಲ್ಲಿ ಕಲಸಿ, ಸ್ಲೈಡಿನ ಮೇಲೆ ತೆಳುವಾಗಿ ಹರಡಿ, ಗಾಳಿಯಲ್ಲಿ ಒಣಗಿಸಬೇಕು. ಜ್ವಾಲೆ ಬೇಡ. ನಂತರ ಶೇ. 2ರ ಅಸಿಟಿಕ್ ಆಮ್ಲದಲ್ಲಿ ಸ್ಲೈಡನ್ನು 5 ನಿಮಿಷ ಮುಳುಗಿಸಿಡಬೇಕು. ಕೋಶ ಗಾಜಿಗೆ ಕಚ್ಚಿಕೊಳ್ಳುತ್ತದೆ, ಅದೇ ಹೊತ್ತಿಗೆ ಉಪ್ಪು ಕರಗಿ ಹೊರಬರುತ್ತದೆ. ಹೊರತೆಗೆದ ಮೇಲೆ ನೀರು ಸೋಕಿಸದೆ, ಓರೆಯಾಗಿ ನಿಲ್ಲಿಸಿ ಪೂರ್ತಿ ಒಣಗಿಸಬೇಕು. ಅವಸರಪಟ್ಟು ತೊಳೆದರೆ ಪದರವೇ ಕಿತ್ತುಬರಬಹುದು. ಆಮೇಲೆ ಕ್ರಿಸ್ಟಲ್ ವಯೊಲೆಟ್, ಅಯೋಡಿನ್, ಆಲ್ಕೋಹಾಲ್, ಸ್ಯಾಫ್ರನಿನ್ ಎಂದಿನ ಕ್ರಮದಲ್ಲೇ.

ಅದೇ ಸ್ಲೈಡಿನ ಎರಡು ತುದಿಗಳಲ್ಲಿ ಗುಂಪು ಮೊದಲೇ ಗೊತ್ತಿರುವ ಸ್ಟ್ಯಾಫಿಲೊಕಾಕಸ್ (ಧನಾತ್ಮಕ) ಮತ್ತು ಇ. ಕೋಲೈ (ಋಣಾತ್ಮಕ) ಬ್ಯಾಕ್ಟೀರಿಯಾಗಳನ್ನು ಹಚ್ಚಿ, ಅವುಗಳಿಗೂ ಆಮ್ಲ ಕೊಡಿ. ಮೊದಲನೆಯದು ನೇರಳೆ, ಎರಡನೆಯದು ಗುಲಾಬಿ ಬಂದರೆ ಮಾತ್ರ ನಡುವಿನ ಫಲಿತಾಂಶವನ್ನು ನಂಬಬಹುದು. ಗುಲಾಬಿ ಬಂದ ಕೆಂಪು ಕಾಲೊನಿಗಳು ಆರ್ಕಿಯಾ (ಬ್ಯಾಕ್ಟೀರಿಯಾಗಳಿಗಿಂತ ಬೇರೆಯಾದ ಏಕಕೋಶ ಜೀವಿಗಳ ಗುಂಪು) ಆಗಿರಬಹುದು; ಅವುಗಳಿಗೆ ಹೆಸರು ಕೊಡುವ ಮೊದಲು ಜೀವಿಯ ಗುರುತು ಹಿಡಿಯಲು ಬಳಸುವ 16ಎಸ್ ಜೀನ್‌ನ ಅನುಕ್ರಮ ನೋಡಲೇಬೇಕು.