ತೊಗರಿ ದುಡ್ಡು ಷೇರಿಗೆ ಹಾಕುವ ಮುಂಚೆ

ಕಲಬುರಗಿ ಕಡೆ ತೊಗರಿ ರಾಶಿ ಮುಗಿದು ಗಂಜ್‌ನಲ್ಲಿ ಮಾಲು ಮಾರಿದ ಮೇಲೆ ವರ್ಷದ ದುಡ್ಡು ಒಟ್ಟಿಗೆ ಕೈಗೆ ಬರುತ್ತದೆ. ಷೇರಿಗೆ ಹಾಕೋಣ ಅನಿಸುವುದೂ ಆಗಲೇ. ಹಾಕಿ, ತಪ್ಪಿಲ್ಲ. ಆದರೆ ಯಾವ ಷೇರು ಅಂತ ಕೇಳುವ ಮೊದಲು ಈ ದುಡ್ಡು ನನಗೆ ಮತ್ತೆ ಯಾವಾಗ ಬೇಕು ಅಂತ ಕೇಳಿಕೊಳ್ಳಿ.

ಮೊದಲು ದುಡ್ಡು ಬೇರೆ ಮಾಡಿ. ಜೂನ್‌ನಲ್ಲಿ ಬೀಜ, ಗೊಬ್ಬರ, ಮಕ್ಕಳ ಫೀಸು, ಬೆಳೆ ಸಾಲದ ಕಂತು, ಇವೆಲ್ಲ ಬ್ಯಾಂಕಿನಲ್ಲೇ ಇರಲಿ. ಆರು ತಿಂಗಳ ಮನೆ ಖರ್ಚನ್ನೂ ಎಫ್‌ಡಿ ಮಾಡಿಡಿ. ಇನ್ನು ಐದಾರು ವರ್ಷ ಕೈ ಹಚ್ಚದೆ ಇರಬಹುದಾದ ದುಡ್ಡು ಉಳಿದರೆ ಅಷ್ಟೇ ಷೇರಿಗೆ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ (ಮುಂಬೈ ಷೇರುಪೇಟೆಯ ಏರಿಳಿತ ತೋರಿಸುವ ಸೂಚ್ಯಂಕ) ಅಕ್ಟೋಬರ್‌ನಲ್ಲಿ 8 ಸಾವಿರಕ್ಕಿಂತ ಕೆಳಗೆ ಹೋಗಿತ್ತು, ಮತ್ತೆ ಅದೇ ಮಟ್ಟಕ್ಕೆ ಬರಲು 2010ರ ನವೆಂಬರ್ ಆಯಿತು. ನಡುವೆ ಬಿತ್ತನೆಗೆ ದುಡ್ಡು ಬೇಕಾದವರು ನಷ್ಟಕ್ಕೇ ಮಾರಬೇಕಾಗಿತ್ತು. ಅವರಿಗೆ ತಾಳ್ಮೆ ಇರಲಿಲ್ಲ ಅಂತ ಹೇಳೋಕಾಗಲ್ಲ, ಕಾಯುವ ದುಡ್ಡೇ ಅದಾಗಿರಲಿಲ್ಲ.

ಆಮೇಲೆ ಲೆಕ್ಕ ಹಾಕಿ. ತಿಂಗಳಿಗೆ ಶೇ 10 ಲಾಭ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಲ್ವಾ? ಲಾಭವನ್ನೂ ಸೇರಿಸುತ್ತಾ ಹೋದರೆ 1 ಲಕ್ಷ ಐದು ವರ್ಷಕ್ಕೆ 3 ಕೋಟಿ ದಾಟಬೇಕು. ಅಂಥದ್ದು ಆಗಲ್ಲ. ಈಗ ತಿಂಗಳಿಗೆ 5,000 ರೂಪಾಯಿಯ ಎಸ್‌ಐಪಿ ನೋಡಿ, ಅಂದರೆ ಮ್ಯೂಚುವಲ್ ಫಂಡ್‌ಗೆ ತಿಂಗಳು ತಿಂಗಳು ಇಷ್ಟು ಅಂತ ಹಾಕುತ್ತಾ ಹೋಗುವುದು. ವರ್ಷಕ್ಕೆ ಶೇ 12 ಹಿಡಿದರೆ ಮೊದಲ ವರ್ಷ ಹಾಕಿದ 60,000ಕ್ಕೆ ಬರುವುದು ಸುಮಾರು 4,000. ಬೇಜಾರಾಗುವಷ್ಟು ಕಡಿಮೆ! ಹೆಚ್ಚಿನವರು ಇಲ್ಲೇ ಬಿಡುತ್ತಾರೆ. ಐದನೇ ವರ್ಷಕ್ಕೆ 3 ಲಕ್ಷ ಹಾಕಿ 4.1 ಲಕ್ಷ, ಹದಿನೈದನೇ ವರ್ಷಕ್ಕೆ 9 ಲಕ್ಷ ಹಾಕಿ ಸುಮಾರು 25 ಲಕ್ಷ. ಈ ಶೇ 12 ಕೂಡ ಗ್ಯಾರಂಟಿಯಲ್ಲ, ಒಂದೊಂದು ವರ್ಷ ಹಾಕಿದ್ದಕ್ಕಿಂತ ಕಡಿಮೆಯೂ ಕಾಣುತ್ತದೆ.

ಬೆಲೆ ಮುಂದೆ ಏರುತ್ತೋ ಇಳಿಯುತ್ತೋ ಅಂತ ಬಾಜಿ ಕಟ್ಟಿದ ಹಾಗಿರುವ ಆಪ್ಷನ್ಸ್, ಫ್ಯೂಚರ್ಸ್ ಮುಟ್ಟಲೇಬೇಡಿ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2024ರ ಅಧ್ಯಯನದಲ್ಲಿ, ಮೂರು ವರ್ಷದಲ್ಲಿ ಅದರಲ್ಲಿ ವಹಿವಾಟು ಮಾಡಿದ 100 ಜನ ಸಾಮಾನ್ಯರಲ್ಲಿ 93 ಮಂದಿ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಜಾಸ್ತಿ. ಸಾಲ ತಂದು ಹಾಕುವ ಮಾತಂತೂ ಬೇಡವೇ ಬೇಡ.

ಕೊಳ್ಳುವ ದಿನವೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ: ಈ ಷೇರು ಯಾಕೆ ಕೊಂಡೆ, ದುಡ್ಡು ಯಾವ ವರ್ಷಕ್ಕೆ ಬೇಕು. ಸುಮ್ನೆ ದಿನಾ ಆ್ಯಪ್ ತೆಗೆದು ನೋಡಬೇಡಿ, ಮೂರು ತಿಂಗಳಿಗೊಮ್ಮೆ ಸಾಕು. ಬೆಲೆ ಬಿದ್ದಾಗ ಆ ಪುಟ ತೆಗೆಯಿರಿ. ಬರೆದ ಕಾರಣ ಇನ್ನೂ ಹಾಗೇ ಇದ್ದರೆ ಕಾಯಿರಿ. ಕಂಪನಿಯ ವ್ಯಾಪಾರವೇ ಕೆಟ್ಟಿದ್ದರೆ ನಷ್ಟವಾದರೂ ಮಾರಿಬಿಡಿ, ಕೊಂಡ ಬೆಲೆ ಬರಲಿ ಅಂತ ಕೂರುವುದು ತಾಳ್ಮೆಯಲ್ಲ.

ಸಲಹೆ ಕೊಡುವವರ ನೋಂದಣಿ ಸಂಖ್ಯೆ ಕೇಳಿ, ಸೆಬಿ ವೆಬ್‌ಸೈಟ್‌ನಲ್ಲಿ ಹುಡುಕಿ. ನೋಂದಣಿ ಇದ್ದವರೂ ಇಷ್ಟೇ ಲಾಭ ಖಚಿತ ಅಂತ ಮಾತು ಕೊಡುವಂತಿಲ್ಲ. ಅಂಥ ಮಾತು ನಂಬಿ ಈಗಾಗಲೇ ದುಡ್ಡು ಕಳಿಸಿ ಮೋಸ ಹೋಗಿದ್ದರೆ ಇವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.