ಒಂದೇ ಡಯಟ್, ಅಕ್ಕನಿಗೊಂದು ಫಲ, ತಂಗಿಗೊಂದು: ಡಯಟೀಷಿಯನ್ ಆಗಿ ನನ್ನ ಅನುಭವ

ತೂಕ ಇಳಿಸಬೇಕೆಂದು ನನ್ನ ಹತ್ತಿರ ಜೋಡಿಯಾಗಿ ಬರುವವರು ಬಹಳ. ಗಂಡ ಹೆಂಡತಿ, ಅಕ್ಕ ತಂಗಿ, ಆಫೀಸಿನ ಗೆಳತಿಯರು. ಇಬ್ಬರಿಗೂ ಒಂದೇ ಊಟದ ಪಟ್ಟಿ ಕೇಳುತ್ತಾರೆ. ಕೆಲವು ವಾರ ಕಳೆಯುವಷ್ಟರಲ್ಲಿ ಒಬ್ಬರ ಬಟ್ಟೆ ಸಡಿಲ, ಇನ್ನೊಬ್ಬರ ಮುಖ ಸಪ್ಪೆ. "ನಾನು ಕದ್ದು ತಿಂದಿಲ್ಲ ಮೇಡಂ" ಎನ್ನುತ್ತಾರೆ. ನಾನು ನಂಬುತ್ತೇನೆ. ಸುಮ್ನೆ ಸಮಾಧಾನಕ್ಕಲ್ಲ.

1990ರಲ್ಲಿ ಕೆನಡಾದ ಸಂಶೋಧಕ ಕ್ಲಾಡ್ ಬುಷಾರ್ ಅವರ ತಂಡ ಒಂದು ಪ್ರಯೋಗದ ವಿವರ ಪ್ರಕಟಿಸಿತು. ಒಂದೇ ರೀತಿಯ ಜೀನ್ ಇರುವ 12 ಜೋಡಿ ಅವಳಿ ಯುವಕರಿಗೆ 84 ದಿನ, ದಿನಕ್ಕೆ 1000 ಕ್ಯಾಲೊರಿ ಹೆಚ್ಚಿಗೆ ತಿನ್ನಿಸಿದರು. ಒಬ್ಬರ ತೂಕ 4 ಕಿಲೋ ಚಿಲ್ಲರೆ ಏರಿದರೆ ಇನ್ನೊಬ್ಬರದು 13 ಕಿಲೋ ದಾಟಿತು. ಆದರೆ ಒಂದೇ ಜೋಡಿಯ ಅವಳಿಗಳು ಹೆಚ್ಚುಕಡಿಮೆ ಒಟ್ಟಿಗೇ ಏರಿದ್ದರು. ತಿಂದದ್ದು ಅಷ್ಟೇ, ಮೈ ಹಿಡಿದದ್ದು ಬೇರೆ.

ಅಕ್ಕ ತಂಗಿ ಇಬ್ಬರು ಬಂದಾಗ ಇದನ್ನೇ ಹೇಳಿದೆ. ತಂಗಿ ಬೇಗ ಇಳಿದಿದ್ದರು, ಅಕ್ಕ ನಿಂತಲ್ಲೇ ನಿಂತಿದ್ದರು. ಒಂದೇ ತಂದೆತಾಯಿಯ ಮಕ್ಕಳಾದರೂ ಯಾರ ಪಾಲಿಗೆ ಯಾವ ಜೀನ್ ಬರುತ್ತದೋ ಅದು ಬೇರೆಬೇರೆ, ಅಲ್ವಾ? ಅಕ್ಕ ಬ್ಯಾಗಿನಿಂದ ಜೀನ್ ಟೆಸ್ಟ್ ರಿಪೋರ್ಟ್ ತೆಗೆದರು. ಎಫ್‌ಟಿಒ ಎಂಬ ಜೀನ್ ಎದುರು ಕೆಂಪು ಗುರುತು. ಕೆಳಗೆ, ನಿಮಗೆ ಕೊಬ್ಬು ಕಡಿಮೆಯಿರುವ ಊಟವೇ ಸರಿ ಎಂಬ ಸಲಹೆ.

ಕೆಂಪು ಗುರುತು ಸುಳ್ಳಲ್ಲ. ಈ ಜೀನ್‌ನ ತೂಕ ಏರಿಸುವ ರೂಪವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದವರು ಸರಾಸರಿ 3 ಕಿಲೋ ಜಾಸ್ತಿ ತೂಗುತ್ತಾರೆ ಎಂದು 2007ರಲ್ಲೇ ಗೊತ್ತಾಗಿದೆ. ಸಲಹೆಯ ಸಾಲನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 609 ಜನರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2018ರಲ್ಲಿ ಬಂತು. ಕೊಬ್ಬು ಕಡಿಮೆ ಮಾಡಬೇಕೋ ಕಾರ್ಬ್ (ಅನ್ನ, ಸಕ್ಕರೆಯಂಥ ಪಿಷ್ಟ, ಸಿಹಿ) ಕಡಿಮೆ ಮಾಡಬೇಕೋ ಎಂದು ಅವರು ನೋಡಿದ ಜೀನ್‌ಗಳು ಹೇಳಲಿಲ್ಲ. ಕೊಬ್ಬು ಕಡಿಮೆ ತಿಂದ ಗುಂಪು, ಕಾರ್ಬ್ ಕಡಿಮೆ ತಿಂದ ಗುಂಪು, ಎರಡೂ ಸರಾಸರಿಯಲ್ಲಿ ಸುಮಾರು ಒಂದೇ ಅಷ್ಟು ಇಳಿದವು. ಪ್ರತಿ ಗುಂಪಿನೊಳಗೆ ಮಾತ್ರ ವಿಪರೀತ ಇಳಿದವರೂ ಇದ್ದರು, ಏರಿದವರೂ ಇದ್ದರು.

ಅಕ್ಕನ ಮುಖ ಅರಳಿದ್ದು ಇನ್ನೊಂದು ಮಾತಿಗೆ. 2016ರಲ್ಲಿ 8 ಪ್ರಯೋಗಗಳ 9,000ಕ್ಕೂ ಹೆಚ್ಚು ಜನರ ಲೆಕ್ಕ ಒಟ್ಟಿಗೆ ನೋಡಿದಾಗ, ಎಫ್‌ಟಿಒ ಅಪಾಯ ಇದ್ದವರೂ ಊಟ, ವ್ಯಾಯಾಮಗಳಿಂದ ಉಳಿದವರಷ್ಟೇ ಇಳಿದಿದ್ದರು. ಈ ವಿಷಯವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಹಣೆಬರಹ ಎಂದು ಕೈಚೆಲ್ಲುವವರನ್ನು ನೋಡಿ ನನಗೆ ನಿಜವಾಗಿ ಸಂಕಟವಾಗುತ್ತದೆ.

ಎಫ್‌ಟಿಒ ಕೆಲಸ ಮಾಡುವುದು ಹೆಚ್ಚಾಗಿ ಹಸಿವಿನ ಮೂಲಕ. ಹಾಗಾಗಿ ನಾನು ರಿಪೋರ್ಟ್ ಪಕ್ಕಕ್ಕಿಟ್ಟು ಹಸಿವಿನ ಬಗ್ಗೆ ಕೇಳುತ್ತೇನೆ. ಊಟವಾದ ಎಷ್ಟು ಹೊತ್ತಿಗೆ ಮತ್ತೆ ಏನಾದರೂ ಬೇಕೆನಿಸುತ್ತದೆ? ತಟ್ಟೆ ಖಾಲಿಯಾದ ಮೇಲೆ ಸಾಕೆನಿಸುತ್ತದೋ, ಹೊಟ್ಟೆ ಬಿರಿದ ಮೇಲೋ? ಎದುರಿಗೆ ತಿಂಡಿ ಇದ್ದರೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತದೋ? ತಂಗಿಗೆ ತಿಂಡಿಯ ನೆನಪೇ ಬರುತ್ತಿರಲಿಲ್ಲ. ಅಕ್ಕ ಇಡೀ ದಿನ ಹಸಿವಿನ ಜೊತೆ ಗುದ್ದಾಡುತ್ತಿದ್ದರು. ಅದೇ ಪಟ್ಟಿ ಪಾಲಿಸಲು ಅವರು ಪಡುತ್ತಿದ್ದ ಪಾಡು ತಂಗಿಯ ಎರಡರಷ್ಟು.

ಅಕ್ಕನ ಪಟ್ಟಿ ಬದಲಿಸಿದೆ. ಬೆಳಗಿನ ತಿಂಡಿಯಲ್ಲೇ ಪ್ರೋಟೀನ್ ಜಾಸ್ತಿ, ಪ್ರತಿ ಊಟಕ್ಕೂ ಮೊದಲು ತರಕಾರಿ, ಸಂಜೆಗೊಂದು ಗೊತ್ತಾದ ತಿಂಡಿ. ಕುರುಕಲು ಕಣ್ಣಿಗೆ ಬೀಳದ ಕಡೆ. ನಿದ್ದೆ ಕೆಟ್ಟರೆ ಹಸಿವು ಕೆರಳುತ್ತದೆ, ಆದ್ದರಿಂದ ಮಲಗುವ ಹೊತ್ತೂ ಬರೆದುಕೊಟ್ಟೆ. ತಂಗಿಯ ತೂಕದ ಜೊತೆ ಹೋಲಿಸಬೇಡಿ ಎಂದೆ. ಆರಂಭದ ತೂಕದಲ್ಲಿ ನೂರಕ್ಕೆ 5 ಭಾಗ ಇಳಿದರೂ ಸಕ್ಕರೆ, ಬಿಪಿ ಸುಧಾರಿಸಬಲ್ಲವು. ಅವರು ನಿಧಾನವಾಗಿ ಇಳಿಯತೊಡಗಿದರು, ತಂಗಿಯಷ್ಟಲ್ಲ. ಸೊಂಟದ ಅಳತೆ ಮೊದಲು ಕಡಿಮೆಯಾಯಿತು.

ಜೀನ್ ಟೆಸ್ಟ್ ಮಾಡಿಸಿ ಎಂದು ನಾನೇ ಹೇಳುವುದು ಒಂದೇ ಸಂದರ್ಭದಲ್ಲಿ: ಪುಟ್ಟ ಮಗುವಿನ ಹಸಿವು ಏನು ಮಾಡಿದರೂ ತಣಿಯದೆ, ತೂಕ ಒಂದೇ ಸಮನೆ ಏರುತ್ತಿದ್ದರೆ. ಅಲ್ಲಿ ಒಂದೇ ಜೀನ್ ಕೆಟ್ಟಿರಬಹುದು. ಹಸಿವು ತಗ್ಗಿಸುವ ಲೆಪ್ಟಿನ್ ಎಂಬ ಹಾರ್ಮೋನೇ ಇಲ್ಲದ ಅಪರೂಪದ ಮಕ್ಕಳಿಗೆ ಲೆಪ್ಟಿನ್ ಇಂಜೆಕ್ಷನ್ ಕೊಟ್ಟರೆ ಹಸಿವೂ ತಗ್ಗುತ್ತದೆ, ತೂಕವೂ ಇಳಿಯುತ್ತದೆ. ಅಂಥ ಮಗು ಬಂದರೆ ನಾನು ಪಟ್ಟಿ ಬರೆಯುತ್ತಾ ಕೂರುವುದಿಲ್ಲ, ಅದೇ ದಿನ ಮಕ್ಕಳ ಹಾರ್ಮೋನ್ ತಜ್ಞರ ಬಳಿ ಕಳಿಸುತ್ತೇನೆ.