ಮುದ್ರಣ ಕಾಶಿಯಲ್ಲಿ ಮುಕ್ತ ತಂತ್ರಾಂಶ: ನಮ್ಮ ಪ್ರೆಸ್ಸಿನ ಅನುಭವ

ಗದಗ-ಬೆಟಗೇರಿಗೆ ಮುದ್ರಣ ಕಾಶಿ ಅಂತ ಹೆಸರು. ಲಗ್ನಪತ್ರಿಕೆ, ಬಿಲ್ ಬುಕ್ಕು, ಕ್ಯಾಲೆಂಡರು, ಶಾಲೆಯ ಗೈಡು, ಜಾತ್ರೆಯ ಹ್ಯಾಂಡ್‌ಬಿಲ್ಲು, ಎಲ್ಲವೂ ಇಲ್ಲಿ ಅಚ್ಚಾಗುತ್ತವೆ. ಅಷ್ಟು ಪ್ರೆಸ್ಸುಗಳ ನಡುವೆ ನಮ್ಮದೂ ಒಂದು ಸಣ್ಣದು. ಅಪ್ಪನ ಕಾಲದಲ್ಲಿ ಟ್ರೆಡಲ್ ಮಷಿನ್ನು, ಸೀಸದ ಮೊಳೆ. ನನ್ನ ಕಾಲಕ್ಕೆ ಡಿಟಿಪಿ, ಆಫ್‌ಸೆಟ್. ಈಗ ಕೆಲವು ವರ್ಷಗಳಿಂದ ಪುಸ್ತಕ, ವರದಿ, ಬಿಲ್ ಬುಕ್ಕಿನ ಕೆಲಸವನ್ನೆಲ್ಲ ವಿಂಡೋಸ್ ಬದಲು ಲಿನಕ್ಸ್ ಮೇಲೆ, ಪುಟ ಕಟ್ಟುವ ಸ್ಕ್ರೈಬಸ್, ಚಿತ್ರ ಬರೆಯುವ ಇಂಕ್‌ಸ್ಕೇಪ್, ಕಚೇರಿ ಕೆಲಸದ ಲಿಬ್ರೆಆಫೀಸ್ ಬಳಸಿ ಮಾಡುತ್ತಿದ್ದೇವೆ. ಇವೆಲ್ಲ ಮುಕ್ತ ತಂತ್ರಾಂಶಗಳು: ಕೋಡ್ ತೆರೆದಿರುತ್ತದೆ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು.

ಈ ಮಾತು ಬಂದಾಗಲೆಲ್ಲ ಚಹಾದಂಗಡಿಯಲ್ಲಿ ಮೊದಲ ಪ್ರಶ್ನೆ ದುಡ್ಡಿನದೇ. “ಎಲ್ಲಾ ಪುಕ್ಕಟೆ ಸಿಗತೇತಲ್ರೀ ಅಣ್ಣಾರ. ಕ್ರ್ಯಾಕ್ ಹಾಕ್ಕೊಂಡ್ರ ಆತು. ನಿಮಗ್ಯಾಕ ಈ ಉಸಾಬರಿ?” ಕ್ರ್ಯಾಕ್ ಕಾಪಿ ಹಾಕಿಕೊಂಡವರ ಮುಂದೆ ‘ಇದಕ್ಕೆ ದುಡ್ಡಿಲ್ಲ’ ಅಂತ ಹೇಳಿ ಏನು ಪ್ರಯೋಜನ? ಅವರಿಗೆ ಎರಡರ ಬೆಲೆಯೂ ಒಂದೇ. ಕದ್ದ ಕಾಪಿ ತಪ್ಪು ಅಂತ ನಾನು ಹೇಳುತ್ತೇನೆ, ಅವರು ತಲೆಯಾಡಿಸುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಬೆಲೆಯ ವಾದವನ್ನೇ ಬಿಟ್ಟುಬಿಟ್ಟೆ. ನಾನು ಹಳೆಯ ಫೈಲುಗಳ ಕಥೆ ಹೇಳುತ್ತೇನೆ.

ನಿವೃತ್ತ ಮಾಸ್ತರರೊಬ್ಬರು ತಮ್ಮ ಊರಿನ ಇತಿಹಾಸದ ಪುಸ್ತಕವನ್ನು ನಮ್ಮಲ್ಲೇ ಅಚ್ಚು ಹಾಕಿಸಿದ್ದರು. ವರ್ಷಗಳಾದ ಮೇಲೆ ಎರಡನೇ ಮುದ್ರಣಕ್ಕೆ ಬಂದರು. ಫೈಲು ಜೋಪಾನವಾಗಿತ್ತು. ಆದರೆ ಅದನ್ನು ಮಾಡಿದ್ದು ಒಂದು ಕಂಪನಿಯ ಫಾಂಟ್ ಪ್ಯಾಕೇಜಿನಲ್ಲಿ. ಅದು ಕೆಲಸ ಮಾಡಬೇಕಾದರೆ ಕಂಪ್ಯೂಟರಿನ ಹಿಂದೆ ಒಂದು ಲಾಕ್ ಚುಚ್ಚಿರಬೇಕು. ಆ ಲಾಕ್ ಕೆಟ್ಟಿತ್ತು. ಹೊಸ ವಿಂಡೋಸ್‌ಗೆ ಆ ಪ್ಯಾಕೇಜು ಹೊಂದುತ್ತಲೂ ಇರಲಿಲ್ಲ. ಪರದೆಯ ಮೇಲೆ ಪುಸ್ತಕ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. “ನಾ ಬರದ ಪುಸ್ತಕ ನನಗ ಓದಾಕ ಯಾರ ಅಪ್ಪಣಿ ಬೇಕ್ರೀ?” ಅಂತ ಮಾಸ್ತರರು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ್ದು. ಅವರಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ.

ಯಾಕೆ ಹಾಗೆ ಕಾಣುತ್ತದೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ನಮ್ಮ ಹಳೆಯ ಡಿಟಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ‘ನುಡಿ’ ಅನ್ನುವ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ನಮಗೆ ‘ಕ’ ಅಂತ ಕಾಣುವುದು ಕಂಪ್ಯೂಟರಿನ ಲೆಕ್ಕದಲ್ಲಿ ಎರಡು ಅಕ್ಷರ: ಇಂಗ್ಲಿಷಿನ ‘ಪಿ’, ಆಮೇಲೆ ತಲೆಯ ಮೇಲೆ ಓರೆಗೆರೆ ಇರುವ ‘ಎ’. ಬೇರೆ ಕಂಪನಿಯ ಫಾಂಟಿನಲ್ಲಿ ಅದೇ ‘ಕ’ಗೆ ಬೇರೆ ಅಕ್ಷರಗಳು. ಫಾಂಟು ಹೋದರೆ ಕನ್ನಡವೂ ಹೋಯಿತು. ಬೇರೆ ಬೇರೆ ಲಿಪಿಗಳ ಅಕ್ಷರಗಳಿಗೆ ಒಂದೇ ಲೆಕ್ಕದಲ್ಲಿ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ‘ಕ’ಗೆ ತನ್ನದೇ ಆದ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗ ಇತ್ತು. ಆದರೂ ನಮ್ಮ ಪ್ರೆಸ್ಸುಗಳಿಗೆ ಅದು ಬರಲು ಇಷ್ಟು ವರ್ಷ ಬೇಕಾಯಿತು. ನಾವೆಲ್ಲ ಪುಟ ಕಟ್ಟಲು ಪೇಜ್‌ಮೇಕರ್ ಅನ್ನುವ ತಂತ್ರಾಂಶ ನೆಚ್ಚಿಕೊಂಡಿದ್ದೆವು. ಅದರ ಕೊನೆಯ ದೊಡ್ಡ ಆವೃತ್ತಿ 7, ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ.

ಪೇಜ್‌ಮೇಕರ್ ನಿಂತುಹೋದ ಮೇಲೆ ಅದರ ಫೈಲುಗಳ ಗತಿ ಏನಾಗಬೇಕಿತ್ತು? ಬೇರೆ ಬೇರೆ ಊರುಗಳ ಪ್ರೋಗ್ರಾಮರ್‌ಗಳು ಸೇರಿ ಆ ಫೈಲಿನ ಒಳರಚನೆಯನ್ನು ಬಿಡಿಸಿ ನೋಡಿ, ಅದನ್ನು ಓದುವ ಕೋಡ್ ಬರೆದರು. 2015ರ ಜನವರಿಯಲ್ಲಿ ಬಂದ ಲಿಬ್ರೆಆಫೀಸ್ 4.4ರಲ್ಲಿ ಅದು ಸೇರಿತು. ಚಿತ್ರ, ವಿನ್ಯಾಸಕ್ಕೆ ಬಳಸುವ ಕೋರೆಲ್‌ಡ್ರಾದ ಫೈಲುಗಳನ್ನೂ ಅದರಲ್ಲಿ ತೆರೆಯಬಹುದು. ಪುಟದ ಜೋಡಣೆ ಅಲ್ಲಲ್ಲಿ ಜರುಗುತ್ತದೆ, ನಿಜ. ಆದರೆ ಪಠ್ಯ ಹೊರಗೆ ಬರುತ್ತದೆ. ಮಾಸ್ತರರ ಪುಸ್ತಕದ ಪಠ್ಯ ಹೊರಬಂದದ್ದೂ ಹೀಗೆಯೇ.

ಆಮೇಲೆ ನಿಜವಾದ ಕೆಲಸ: ಹಳೆಯ ಅಕ್ಷರಗಳನ್ನು ಯೂನಿಕೋಡ್‌ಗೆ ತಿರುಗಿಸುವುದು. ಇದಕ್ಕೆ ಸಿದ್ಧ ಪರಿವರ್ತಕಗಳಿವೆ, ಮುಕ್ತ ಕೋಡ್‌ನಲ್ಲೇ ಸಿಗುತ್ತವೆ. ಆದರೆ ಕಣ್ಣುಮುಚ್ಚಿ ನಂಬಬೇಡಿ. ಜಾಸ್ತಿ ಕಾಡುವುದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ‘ಧರ್ಮ’ ಅಂದರೆ ಧ, ಮ, ಕೊನೆಗೆ ಅರ್ಕಾವತ್ತು. ಕಣ್ಣಿಗೆ ಕಾಣುವ ಕ್ರಮದಲ್ಲೇ ಟೈಪು. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಕ್ರಮ: ಧ, ರ್, ಮ. ಹಿಂದಿನದನ್ನು ಮುಂದೆ ತರಬೇಕು. ಒತ್ತಕ್ಷರ, ದೀರ್ಘ ಎಲ್ಲ ಸೇರಿದ್ದರೆ ಎಷ್ಟು ಮುಂದೆ ತರಬೇಕು ಅನ್ನುವುದೇ ಪರಿವರ್ತಕಕ್ಕೆ ತಿಳಿಯದೆ ಹೋಗುತ್ತದೆ. ಎರಡನೆಯದು ‘ಸಾಫ್ಟ್‌ವೇರ್’ ಥರದ ಪದಗಳು. ನಡುವೆ ಕಣ್ಣಿಗೆ ಕಾಣದ ತಡೆ ಹಾಕದಿದ್ದರೆ ‘ವ’ ಹೋಗಿ ಒತ್ತಾಗಿ ಕೂರುತ್ತದೆ. ಮೂರನೆಯದು ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ. ಕಣ್ಣಿಗೆ ಎರಡೂ ಒಂದೇ. ಪುಸ್ತಕದಲ್ಲಿ ಪದ ಹುಡುಕಿದಾಗ ಮಾತ್ರ ಸಿಗುವುದಿಲ್ಲ. ನಾವು ಇಂಥವನ್ನೆಲ್ಲ ಒಂದು ಪಟ್ಟಿ ಮಾಡಿದೆವು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಣ್ಣನ ಮಗ ಆ ಪಟ್ಟಿ ನೋಡಿಕೊಂಡು ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟ. ಅದು ಅನುಮಾನದ ಪದಗಳನ್ನು ಹೆಕ್ಕಿ ತೋರಿಸುತ್ತದೆ. ತಿದ್ದುವುದು ಮನುಷ್ಯರೇ. ಪ್ರೂಫ್ ನೋಡುವ ಕಣ್ಣಿಗೆ ಬದಲಿ ಇಲ್ಲ.

ಪುಟ ಕಟ್ಟಲು ಸ್ಕ್ರೈಬಸ್. ಇದನ್ನು ಹಿಂದೊಮ್ಮೆ ನೋಡಿ ಬಿಟ್ಟವರು ನಮ್ಮೂರಿನಲ್ಲಿ ಬಹಳ ಮಂದಿ. ಅವರ ದೂರು ಸರಿಯೇ: ಅದರ 1.4ನೇ ಆವೃತ್ತಿಯ ಕಾಲದಲ್ಲಿ ಕನ್ನಡದ ಒತ್ತು ಒತ್ತಾಗಿ ಕೂರುತ್ತಿರಲಿಲ್ಲ. ಅದು ಸರಿಯಾದ ಬಗೆ ನನಗೆ ಬಹಳ ಇಷ್ಟ. ಒಮಾನ್ ದೇಶದ ಒಂದು ತಂಡಕ್ಕೆ ಅರಬ್ಬಿ ಲಿಪಿ ಸರಿಯಾಗಿ ಮೂಡಬೇಕಿತ್ತು. ಕೋಡ್ ತೆರೆದೇ ಇತ್ತು. ಅವರು ಅದಕ್ಕೆ ಹಾರ್ಫ್‌ಬಜ್ ಅನ್ನುವ ಅಕ್ಷರ ಜೋಡಿಸುವ ಎಂಜಿನ್ ಸೇರಿಸಿದರು. ಅರಬ್ಬಿಯ ಜೊತೆಗೇ ಕನ್ನಡವೂ ಸರಿಹೋಯಿತು. ಈಗ 2024ರಲ್ಲಿ ಬಂದ 1.6ರಲ್ಲಿ ಎಲ್ಲರಿಗೂ ಅದು ಸಿಗುತ್ತದೆ. ಮಸ್ಕತ್‌ನವರಿಗೆ ಗದಗ ಅನ್ನುವ ಊರು ಇದೆ ಅಂತಲೂ ಗೊತ್ತಿರಲಿಕ್ಕಿಲ್ಲ. ಪದಗಳನ್ನು ಸಾಲಿನ ಕೊನೆಯಲ್ಲಿ ಒಡೆಯುವ ನಿಯಮಗಳದೂ ಇದೇ ಕಥೆ. ಟೆಕ್ (TeX) ಅನ್ನುವ, ಪುಟ ಜೋಡಿಸುವ ಮುಕ್ತ ವ್ಯವಸ್ಥೆಗೆ ಕನ್ನಡದ ನಿಯಮಗಳನ್ನು ಬರೆದವರು ಸಂತೋಷ್ ತೊಟ್ಟಿಂಗಲ್, ಮಲಯಾಳಂಗಾಗಿ ದುಡಿಯುತ್ತಿದ್ದ ಎಂಜಿನಿಯರ್. ತಮ್ಮ ಭಾಷೆಗೆ ಮಾಡುತ್ತಾ ಉಳಿದ ಭಾರತೀಯ ಭಾಷೆಗಳಿಗೂ ಮಾಡಿದರು.

ನಮ್ಮ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಒಬ್ಬ ರೈತನ ಉಳಿತಾಯ ಇನ್ನೊಬ್ಬನ ಬಿತ್ತನೆಗೆ ಆಗುತ್ತಿತ್ತು. ಚಹಾದಂಗಡಿಯಲ್ಲಿ ಸ್ಕ್ರೈಬಸ್ ಯಾರದು, ಅವರಿಗೇನು ಲಾಭ ಅಂತ ಕೇಳಿದವರಿಗೆ ನಾನು ಕಣಗಿನಹಾಳದ ಹೆಸರು ಹೇಳುತ್ತೇನೆ. ಬೇಗ ತಿಳಿಯುತ್ತದೆ.

ಟೈಪಿಂಗ್ ಬಗ್ಗೆ ನಾನು ಹೆದರಿದಷ್ಟು ಕಷ್ಟ ಇರಲಿಲ್ಲ. ನಮ್ಮಲ್ಲಿ ಬಹಳ ವರ್ಷಗಳಿಂದ ಡಿಟಿಪಿ ಮಾಡುವ ಅಕ್ಕ ಒಬ್ಬರಿದ್ದಾರೆ. ಅವರ ಬೆರಳುಗಳಿಗೆ ನುಡಿಯ ಕೀಲಿಗಳು ಅಂಟಿಹೋಗಿವೆ. ಕೆ. ಪಿ. ರಾವ್ ರೂಪಿಸಿದ ಆ ಕೀಲಿಮಣೆ ವಿನ್ಯಾಸ ಕಗಪ ಅನ್ನುವ ಹೆಸರಿನಲ್ಲಿ ಲಿನಕ್ಸ್‌ನಲ್ಲೂ ಇದೆ. ಹಾಗಾಗಿ ಕನ್ನಡ ಟೈಪಿಗೆ ಏನೂ ಹೊಸದಾಗಿ ಕಲಿಯಬೇಕಾಗಲಿಲ್ಲ. ಅವರ ತಕರಾರು ಬೇರೆ ಇತ್ತು. “ಶಾರ್ಟ್‌ಕಟ್ ಎಲ್ಲಾ ಬದಲಾಗ್ಯಾವ್ರೀ. ಲಗ್ನದ ಸೀಜನ್‌ನ್ಯಾಗ ಹಿಂಗಾದ್ರ ಹೆಂಗ?” ನ್ಯಾಯವಾದ ಮಾತು. ದಿನಕ್ಕೆ ಇಷ್ಟು ಪುಟ ಮುಗಿಸಬೇಕಾದವರಿಗೆ ಒಂದು ಕೀಲಿ ಆಚೀಚೆ ಆದರೂ ಬೆನ್ನು ನೋವು. ಸ್ಕ್ರೈಬಸ್‌ನಲ್ಲಿ ಶಾರ್ಟ್‌ಕಟ್‌ಗಳನ್ನು ನಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಒಂದು ಮಧ್ಯಾಹ್ನ ಕೂತು ಅವರು ಹೇಳಿದಂತೆಲ್ಲ ಬದಲಿಸಿದೆವು. ಲಗ್ನದ ಸೀಜನ್ ಮುಗಿದ ಮೇಲೇ ಅವರ ಕೆಲಸವನ್ನು ಇತ್ತ ತಂದೆವು. ಪ್ರೆಸ್ಸಿನವರಿಗೆ ನನ್ನ ಸಲಹೆ ಇದೊಂದೇ: ಆಪರೇಟರ್‌ನ ಮಾತು ಮೊದಲು ಕೇಳಿ. ಮಾಲೀಕನ ಉತ್ಸಾಹದಿಂದ ಪುಟ ಕಟ್ಟಲು ಆಗುವುದಿಲ್ಲ.

ಬಣ್ಣದ ವಿಷಯದಲ್ಲಿ ಎಚ್ಚರ ಬೇಕು. ಇಂಕ್‌ಸ್ಕೇಪ್ ಪರದೆಯ ಬಣ್ಣದಲ್ಲಿ ಯೋಚಿಸುತ್ತದೆ, ಅಂದರೆ ಕೆಂಪು, ಹಸಿರು, ನೀಲಿ. ನಮ್ಮ ಮಷಿನ್ನಿಗೆ ಬೇಕಾದ್ದು ನಾಲ್ಕು ಶಾಯಿ. ಇಂಕ್‌ಸ್ಕೇಪ್‌ನ ಕಪ್ಪು ಅಕ್ಷರವನ್ನು ಹಾಗೇ ಪ್ಲೇಟಿಗೆ ಕಳಿಸಿದರೆ ಅದು ನಾಲ್ಕೂ ಬಣ್ಣಕ್ಕೆ ಹಂಚಿಹೋಗುತ್ತದೆ. ಮಷಿನ್ನಿನಲ್ಲಿ ಕೂದಲೆಳೆಯಷ್ಟು ಜರುಗಿದರೂ ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು. ಅದಕ್ಕೇ ಚಿತ್ರ, ಲೋಗೋ, ಬಾರ್ಡರ್ ಮಾತ್ರ ಇಂಕ್‌ಸ್ಕೇಪ್‌ನಲ್ಲಿ. ಅಕ್ಷರ ಎಲ್ಲವೂ ಸ್ಕ್ರೈಬಸ್‌ನಲ್ಲಿ, ಬರೀ ಕಪ್ಪು ಶಾಯಿ ನೂರಕ್ಕೆ ನೂರು. ಫೋಟೋಗಳಿಗೆ ಕ್ರಿತಾ ಚಲೋ ಇದೆ, ಅದಕ್ಕೆ ನಾಲ್ಕು ಶಾಯಿಯ ಲೆಕ್ಕ ಗೊತ್ತು. ಕೊನೆಗೆ ಪಿಡಿಎಫ್ ಎಕ್ಸ್-3 ಅನ್ನುವ, ಅಚ್ಚಿಗೆಂದೇ ಇರುವ ಮಾದರಿಯಲ್ಲಿ ಫೈಲು ತೆಗೆಯುತ್ತೇವೆ. ಅದರಲ್ಲಿ ಫಾಂಟುಗಳು ಒಳಗೇ ಇರುತ್ತವೆ.

ಪ್ಲೇಟ್ ಮಾಡುವವರು ಮೊದಮೊದಲು ಒಪ್ಪಲಿಲ್ಲ. “ಕೋರೆಲ್ ಫೈಲ್ ತರ್ರೀ” ಅನ್ನುವುದು ಅವರ ರೂಢಿ. ಕೋರೆಲ್ ಫೈಲು ಕೊಟ್ಟರೆ ಅವರಲ್ಲಿ ಫಾಂಟು ಇಲ್ಲದೆ ಅಕ್ಷರ ಬದಲಾಗುವ ಭಯ, ಎಲ್ಲವನ್ನೂ ಕರ್ವ್ ಮಾಡುವ, ಅಂದರೆ ಅಕ್ಷರಗಳನ್ನು ಚಿತ್ರದ ಗೆರೆಗಳಾಗಿ ಬದಲಿಸುವ ತಾಪತ್ರಯ. ಪಿಡಿಎಫ್‌ಗೆ ಅದೇನೂ ಇಲ್ಲ. ಒಂದು ಪುಸ್ತಕದ ಪ್ಲೇಟು ತಕರಾರಿಲ್ಲದೆ ಬಂದ ಮೇಲೆ ಅವರೂ ಸುಮ್ಮನಾದರು.

ಫಾಂಟುಗಳ ಬಗ್ಗೆ ಗಿರಾಕಿಗಳ ಜೊತೆ ಇನ್ನೂ ವಾದ ನಡೆಯುತ್ತಲೇ ಇದೆ. ಪುಸ್ತಕಕ್ಕೆ ನೋಟೊ ಸೆರಿಫ್, ತಲೆಬರಹಕ್ಕೆ ಬಾಲೂ ತಮ್ಮ, ಅನೇಕ್ ಕನ್ನಡ. ‘ಹುಬ್ಬಳ್ಳಿ’ ಅನ್ನುವ ಹೆಸರಿನ ಫಾಂಟೂ ಇದೆ, ಒಂದೇ ದಪ್ಪದ ಗೆರೆಯದು, ನನಗೆ ಅಚ್ಚುಮೆಚ್ಚು. ಇವೆಲ್ಲ ಯಾರು ಬೇಕಾದರೂ ಬಳಸಿ, ಹಂಚಿ, ತಿದ್ದಬಹುದಾದ ಪರವಾನಗಿಯಲ್ಲಿವೆ. ಆದರೆ ಲಗ್ನಪತ್ರಿಕೆಗೆ ಬರುವವರಿಗೆ ಬೇಕಾದ್ದು ಆ ಬಳುಕುವ, ಬಾಲ ಎಳೆದ ಅಕ್ಷರ. ಮುಕ್ತ ಫಾಂಟುಗಳಲ್ಲಿ ಅಂಥ ಕನ್ನಡ ಬಹಳ ಕಡಿಮೆ. ಹಾಗಾಗಿ ಲಗ್ನಪತ್ರಿಕೆಗೆ ಅಂತಲೇ ದುಡ್ಡು ಕೊಟ್ಟು ತಂದ ಕೋರೆಲ್ ಇರುವ ಒಂದು ವಿಂಡೋಸ್ ಮಷಿನ್ನು ಇಂದಿಗೂ ಇದೆ. ಮನೆಯ ಮದುವೆ ಜನರಿಗೆ ದೊಡ್ಡದು. ಅವರ ಇಷ್ಟದ ಅಕ್ಷರ ಕೊಡುವುದು ನನ್ನ ಕೆಲಸ. ಆದರೆ ಆ ಅಕ್ಷರಗಳನ್ನು ಯಾರಾದರೂ ಮುಕ್ತವಾಗಿ ಬರೆಯಬೇಕು ಅನ್ನುವ ಆಸೆ ನನಗೆ ಬಲವಾಗಿದೆ. ನಮ್ಮೂರಿನಲ್ಲೇ ಬೋರ್ಡ್ ಬರೆಯುವ ಪೇಂಟರ್‌ಗಳ ಕೈಯಲ್ಲಿ ಅಂಥ ಎಷ್ಟೋ ಅಕ್ಷರಗಳಿವೆ.

ಅಣ್ಣನ ಮಗನ ವಾದ ಮಾತ್ರ ಬೇರೆ ದಿಕ್ಕಿನದು. “ಕಾಕಾ, ಮುಕ್ತ ತಂತ್ರಾಂಶ ಬರೀ ನಕಲು ಮಾಡತೇತಿ. ಹೊಸದು ಬರೋದು ದೊಡ್ಡ ಕಂಪನಿಯಿಂದನ” ಅನ್ನುತ್ತಾನೆ. ನಾನು ಒಪ್ಪುವುದಿಲ್ಲ. ಹಾರ್ಫ್‌ಬಜ್ ಇವತ್ತು ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್‌ನಲ್ಲಿ, ಫೈರ್‌ಫಾಕ್ಸ್‌ನಲ್ಲಿ ಕನ್ನಡ ಜೋಡಿಸುತ್ತಿದೆ. ಅವನು ಮೊಬೈಲಿನಲ್ಲಿ ಕನ್ನಡ ಓದುವುದೇ ಅದರಿಂದ. ಇನ್ನೊಂದು ಟೆಸೆರ‍್ಯಾಕ್ಟ್, ಚಿತ್ರದಲ್ಲಿರುವ ಅಕ್ಷರ ಗುರುತಿಸುವ ತಂತ್ರಾಂಶ. ಹುಟ್ಟಿದ್ದು ಎಚ್‌ಪಿ ಕಂಪನಿಯಲ್ಲಿ. ಅದರ ಕೋಡ್ 2005ರಲ್ಲಿ ಹೊರಬಂತು. ಆಮೇಲೆ ಗೂಗಲ್ ಸೇರಿ ಎಷ್ಟೋ ಜನ ಬೆಳೆಸಿದರು. ಕನ್ನಡವನ್ನೂ ಓದುತ್ತದೆ. ಮೊಳೆಯ ಕಾಲದ, ಫೈಲೇ ಇಲ್ಲದ ಪುಸ್ತಕಗಳನ್ನು ನಾವು ಸ್ಕ್ಯಾನ್ ಮಾಡಿ ಅದಕ್ಕೆ ಕೊಡುತ್ತೇವೆ. ಮೊಳೆ ಸವೆದು ಒತ್ತು ಮಸುಕಾದ ಕಡೆ ತಪ್ಪುತ್ತದೆ, ಆದರೂ ಇಡೀ ಪುಸ್ತಕ ಮತ್ತೆ ಟೈಪ್ ಮಾಡುವ ಕೆಲಸ ಉಳಿಯುತ್ತದೆ. ಇದು ಯಾವುದರ ನಕಲು ಹೇಳು ಅಂದೆ. ಅವನು ಒಪ್ಪಿದ ಹಾಗೆ ಮಾಡಿ, “ಈಗ ಎಲ್ಲಾ ಬ್ರೌಸರಿನ್ಯಾಗ ಆಗತೇತಿ, ನಿಮ್ಮ ಮಷಿನ್ನಿನ್ಯಾಗ ಏನೂ ಇಡೋದ ಬ್ಯಾಡ” ಅಂತ ಹೊಸ ವಾದ ತೆಗೆದ. ಅದೇ ನನಗೆ ಆತಂಕ. ಲಾಕ್ ಆದರೂ ನಮ್ಮ ಟೇಬಲ್ಲಿನ ಮೇಲಿತ್ತು. ಈಗ ಗಿರಾಕಿಯ ವಿನ್ಯಾಸ ಯಾರದೋ ಖಾತೆಯೊಳಗೆ ಇರುತ್ತದೆ. ತಿಂಗಳ ಚಂದಾ ನಿಂತರೆ ಅದೂ ನಿಂತಿತು.

ಅವನಿಗೆ ನಾನು ಮುಕ್ತ ತಂತ್ರಾಂಶದ ಚಳವಳಿ ಶುರುಮಾಡಿದ ರಿಚರ್ಡ್ ಸ್ಟಾಲ್‌ಮನ್ ಕಥೆ ಹೇಳಿದೆ. 1980ರ ಸುಮಾರಿಗೆ ಅವರು ಕೆಲಸ ಮಾಡುತ್ತಿದ್ದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಪ್ರಿಂಟರಿನಲ್ಲಿ ಕಾಗದ ಸಿಕ್ಕಿದರೆ ಎಲ್ಲರಿಗೂ ಸಂದೇಶ ಹೋಗುವ ಹಾಗೆ ಅವರೇ ಕೋಡ್ ಬದಲಿಸಿದ್ದರು. ಇದರಲ್ಲೂ ಹಾಗೆ ಮಾಡೋಣ ಅಂದರೆ ಕೋಡ್ ಇಲ್ಲ. ಕೋಡ್ ಇದ್ದ ಇನ್ನೊಬ್ಬರು, ಯಾರಿಗೂ ಕೊಡುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ ಅಂದುಬಿಟ್ಟರು. 1983ರ ಸೆಪ್ಟೆಂಬರಿನಲ್ಲಿ ಸ್ಟಾಲ್‌ಮನ್ ಮುಕ್ತ ತಂತ್ರಾಂಶ ಕಟ್ಟುವ ಗ್ನೂ ಯೋಜನೆ ಘೋಷಿಸಿದರು. ಪ್ರೆಸ್ಸಿನಲ್ಲಿ ಕಾಗದ ಸಿಕ್ಕಿಕೊಳ್ಳುವುದು ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಮುಚ್ಚಳ ತೆಗೆದು ಸರಿಮಾಡಿಕೊಳ್ಳುವ ಜನ ನಾವು.

ಮಾಸ್ತರರ ಪುಸ್ತಕ ಎರಡನೇ ಮುದ್ರಣ ಕಂಡಿತು. ಪ್ರತಿಗಳ ಜೊತೆಗೆ ಅವರಿಗೆ ಒಂದು ಪೆನ್ ಡ್ರೈವ್ ಕೊಟ್ಟೆವು: ಸ್ಕ್ರೈಬಸ್ ಫೈಲು, ಯೂನಿಕೋಡ್ ಪಠ್ಯ, ಪಿಡಿಎಫ್, ಬಳಸಿದ ಫಾಂಟುಗಳು. ಮುಂದಿನ ಮುದ್ರಣ ಬೇರೆ ಪ್ರೆಸ್ಸಿನಲ್ಲಿ ಹಾಕಿಸಿದರೂ ಅವರಿಗೆ ನನ್ನ ಅಪ್ಪಣೆ ಬೇಕಿಲ್ಲ. ಈಗ ಪುಸ್ತಕ ಮಾಡಿಸುವ ಎಲ್ಲರಿಗೂ ಹಾಗೇ ಕೊಡುತ್ತೇವೆ. “ಗಿರಾಕಿ ಕಳಕೊಳ್ತೀರಿ ನೋಡ್ರಿ” ಅಂತ ಪಕ್ಕದ ಪ್ರೆಸ್ಸಿನವರು ಎಚ್ಚರಿಸಿದರು. ಇಲ್ಲಿಯವರೆಗೆ ಹೋದವರಿಗಿಂತ ತಿರುಗಿ ಬಂದವರೇ ಜಾಸ್ತಿ.

ಅರ್ಕಾವತ್ತಿನ ಆ ಪಟ್ಟಿ ಮತ್ತು ಹುಡುಗ ಬರೆದ ಪ್ರೋಗ್ರಾಂ ನಮ್ಮಲ್ಲಿ ಮುಚ್ಚಿಟ್ಟಿಲ್ಲ. ಬೆಟಗೇರಿಯ ಎರಡು ಪ್ರೆಸ್ಸಿನವರು ಈಗಾಗಲೇ ಒಯ್ದಿದ್ದಾರೆ. ಒಬ್ಬರು ತಮ್ಮ ಹಳೆಯ ಫಾಂಟಿಗೆ ಬೇಕಾದ ಬದಲಾವಣೆ ಸೇರಿಸಿ ನಮಗೂ ವಾಪಸ್ ಕೊಟ್ಟರು. ನಿಮ್ಮಲ್ಲಿ ಹಳೆಯ ಫೈಲುಗಳಿದ್ದರೆ ಆ ಕಂಪ್ಯೂಟರು ಇನ್ನೂ ಏಳುತ್ತಿರುವಾಗಲೇ ಪಠ್ಯ ಹೊರಗೆ ತೆಗೆದಿಡಿ. ಪೆನ್ ಡ್ರೈವ್ ತಂದರೆ ಪಟ್ಟಿ, ಪ್ರೋಗ್ರಾಂ ಎರಡೂ ಹಾಕಿಕೊಡುತ್ತೇವೆ.